ಒಂದೂವರೆ ಸುತ್ತು

ಮೆಬ್ರಾಹ್ತು ಬಾನೆಟ್ಟು ಎತ್ತಿ
ಮೊದಲು ಏನನ್ನೂ ಮುಟ್ಟಲಿಲ್ಲ. ಮೂಸಿದ.
'ಅಬ್ರೆಹೆತ್, ನಿನ್ನ ಗಾಡಿ ಕುಡಿಯುತ್ತದೆ,
ಕುಡಿದದ್ದು ಅರಗುವುದಿಲ್ಲ.'

ನನ್ನ ಫಿಯಟ್ಟು ನನಗಿಂತ ನಾಲ್ಕು ವರ್ಷ ಹಿರಿಯದು.
ಹಳೆಯ ಕಾರ್ಬ್ಯುರೇಟರಿನ ಕಡ್ಡಿ ಸವೆದು
ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು,
ಸಂದಿಯಿಂದ ಕಳ್ಳಗಾಳಿ.
ಹೊಸದು ಜೆಡ್ಡಾದಿಂದ ಬಂತು, ಸಾಬೂನಿನ ಪೆಟ್ಟಿಗೆಗಳ ನಡುವೆ,
ಯಾವುದೋ ಕಂಪನಿ ಇನ್ಯಾವುದೋ ಕಾರಿಗೆ ಮಾಡಿದ್ದು.
ಬೆಲೆ, ನನ್ನ ಎರಡು ಬಳೆ.

'ಹೊಂದುತ್ತದೆಯೇ?'
'ಹೊಂದುವುದಿಲ್ಲ. ಹೊಂದಿಸಬೇಕು.'

ಬೋಲ್ಟಿನ ತೂತಿಗೂ ತೂತಿಗೂ ಅರ್ಧ ಬೆರಳಿನ ಜಗಳ.
ನಡುವೆ ರಾಜಿಗೆ ಒಂದು ಪಟ್ಟಿ ಬೇಕು.
ಡ್ರಮ್ಮು ಒಲೆಯಾಗುವ, ಟೈರು ಚಪ್ಪಲಿಯಾಗುವ
ಮೆದೆಬರ್ ಸಂತೆಯ ಗದ್ದಲದಲ್ಲಿ
ಅಲ್ಯುಮಿನಿಯಮ್ಮಿನ ತುಂಡೊಂದು ಹೆಕ್ಕಿ
ಇಡೀ ಬೆಳಗ್ಗೆ ಅರ ಹಾಕಿದೆವು.
ಗ್ಯಾಸ್ಕೆಟ್ಟು ಪಾಸ್ತಾ ಡಬ್ಬದ ರಟ್ಟು;
ಎಂಜಿನ್ನಿನ ಬಾಯಲ್ಲಿ ಈಗಲೂ ಇರಬೇಕು
ಒಂದು ಗೋಧಿತೆನೆಯ ಚಿತ್ರ.

ಮೆಬ್ರಾಹ್ತುವಿಗೆ ಎಡಗಿವಿ ಇಲ್ಲ,
ಬಲಗಿವಿ ಬೇಕಾದಾಗ ಮಾತ್ರ.
ಯಾಕೆಂದು ಯಾರೂ ಕೇಳುವುದಿಲ್ಲ ನಮ್ಮಲ್ಲಿ.
ಅವನ ವಯಸ್ಸಿನ ಗಂಡಸರದ್ದು, ಹೆಂಗಸರದ್ದೂ,
ಏನೋ ಒಂದು ಬೆಟ್ಟದಲ್ಲೇ ಉಳಿದಿದೆ.

ಅದಕ್ಕೇ ಅವನು ಕಾಫಿಯ ಬಟ್ಟಲನ್ನು
ಮಡ್‌ಗಾರ್ಡಿನ ಮೇಲೆ ಇಡುತ್ತಾನೆ. ತುಂಬ. ಅಂಚಿನ ತನಕ.
ಆಮೇಲೆ ಸ್ಕ್ರೂ ಒಳಕ್ಕೆ, ಮಗುವಿನ ಓಲೆಯ ತಿರುಪಿನಷ್ಟು ಮೆತ್ತಗೆ,
ತಡೆದಲ್ಲಿ ನಿಂತು, ಅಲ್ಲಿಂದ ಹೊರಕ್ಕೆ
ಒಂದೂವರೆ ಸುತ್ತು.
'ಇದು ಶಾಸ್ತ್ರಕ್ಕೆ. ಹದ ಆಮೇಲೆ.'

ಮೊದಲ ಬಟ್ಟಲು ಕುಣಿದು ಚೆಲ್ಲಿತು, ಹಿಂದಿನಿಂದ ಕಪ್ಪು ಹೊಗೆ.
'ಒಳಗಿನ ಜೆಟ್ಟು ಸಮುದ್ರದ ಮಗು,' ಅಂದ.
'ಅಸ್ಮಾರಾದ ಗಾಳಿ ತೆಳು. ತೆಳು ಗಾಳಿಗೆ
ಇಷ್ಟು ಪೆಟ್ರೋಲು ಬಡಿಸಿದರೆ ವಾಂತಿಯೇ ಗತಿ.'
ಹೆಸರಿಗೆ ಜೆಟ್ಟು. ಹಾರುವುದಿರಲಿ,
ಅಂಗೈಯಲ್ಲಿ ಹಿತ್ತಾಳೆಯ ಅವರೆಕಾಳು,
ಸೂಜಿ ತೂರುವಷ್ಟು ಕಣ್ಣು.
ಅದನ್ನು ತೆಗೆದು ಇನ್ನೂ ಸಣ್ಣ ಕಣ್ಣಿನದು ಕೂರಿಸಿದ.

ಎರಡನೇ ಬಟ್ಟಲಿಗೆ ಕೆಮ್ಮು.
ಕಾಲು ಸುತ್ತು. ಅರೆಕಾಲು. ಅದರಲ್ಲೂ ಅರೆ.
ಮೂರನೆಯದು ಬೆರೆಕಾ, ಹರಕೆಯ ಕಾಫಿ.
ಅದರ ಮೈಮೇಲೆ ಸಣ್ಣ ಸಣ್ಣ ಉಂಗುರ,
ಎಲ್ಲ ಒಂದೇ ಅಳತೆ,
ಹಿಂದಿನದು ಮುಂದಿನದನ್ನು ತುಳಿಯದೆ
ಅಂಚಿಗೆ ಹೋಗಿ ಹೋಗಿ ಸಾಯುತ್ತಿದ್ದವು.
ಅವನು ಬಟ್ಟಲೆತ್ತಿ ಕುಡಿದ.

ಸಮುದ್ರದ ಮಗುವನ್ನು ಕಾಗದದಲ್ಲಿ ಸುತ್ತಿ ಕೊಟ್ಟ.
'ಮಸ್ಸಾವಾಕ್ಕೆ ಇಳಿಯುವಾಗ ಗಿಂಡಾದಲ್ಲಿ ಬದಲಿಸು.'
'ಗಿಂಡಾದಲ್ಲೇ ಯಾಕೆ?'
'ಅಲ್ಲಿ ಟೀ ಚೆನ್ನಾಗಿರುತ್ತದೆ.'

ನಾನು ಬದಲಿಸಲಿಲ್ಲ.
ಗಾಡಿ ಅಷ್ಟು ಸೊಗಸಾಗಿ ಇಳಿಯುತ್ತಿತ್ತು,
ಮೋಡ ಕೆಳಗಿತ್ತು, ಹಿಂದಿನ ಸೀಟಿನಲ್ಲಿ ಒಬ್ಬ ಪಾದ್ರಿ,
ಮೀನು ತರಲು ಹೊರಟ ಇಬ್ಬರು ಅಕ್ಕತಂಗಿಯರು.
ದೊಂಗೊಲ್ಲೊ ದಾಟಿದ್ದೇ
ಗಾಳಿ ದಪ್ಪವಾಯಿತು, ಬಿಸಿಯಾಯಿತು,
ಎಂಜಿನ್ನು ಹಸಿದು ಮೇಲಕ್ಕೆ ಸೀನಿತು, ಎರಡು ಸಲ,
ನಿಂತಿತು.

ಪಾದ್ರಿ ಕೊಡೆ ಹಿಡಿದರು, ನನಗಲ್ಲ, ಕಾರ್ಬ್ಯುರೇಟರಿಗೆ.
ಮುಚ್ಚಳದ ಐದು ಸ್ಕ್ರೂಗಳಲ್ಲಿ ಒಂದು
ಕತ್ತಲೆಗೆ ಬಿದ್ದು ಇನ್ನೂ ಸಿಕ್ಕಿಲ್ಲ.
ಹಿತ್ತಾಳೆಯ ಕಾಳು ಬೆವರಿನ ಬೆರಳಿಗೆ ಅಂಟಿಕೊಂಡು
ಒಳಗೆ ಹೋಗಲು ಒಪ್ಪದು.
ಹೋಯಿತು. ಸ್ಟಾರ್ಟಾಯಿತು. ಆದರೂ ಉಸಿರು ಕುಂಟು.

ಕಾಫಿ ಎಲ್ಲಿಂದ ತರಲಿ?
ಅಕ್ಕ ಬಾಟಲಿ ಬಗ್ಗಿಸಿದಳು. ಬೊಗಸೆಯಲ್ಲಿ ನೀರು ಹಿಡಿದು
ಕಾದ ಮಡ್‌ಗಾರ್ಡಿಗೆ ಮೊಣಕೈ ಊರಿದೆ.
ಸ್ಕ್ರೂ ತಿರುಗಿಸಿದವಳು ತಂಗಿ, ನಾನು ಹೇಳಿದ ಹಾಗೆ,
ಕಾಲು ಸುತ್ತು ಹೊರಕ್ಕೆ, ಇನ್ನೊಂದು ಅರೆಕಾಲು.
ನೀರು ನಡುಗುತ್ತಲೇ ಇತ್ತು.

'ಸಾಕಾ?' ಅಂದಳು.
'ತಾಳು,' ಅಂದೆ.
ನಡುಗುತ್ತಿದ್ದದ್ದು ಅದೋ ನಾನೋ
ಗೊತ್ತಾಗಲು ಸ್ವಲ್ಪ ಹೊತ್ತು ಬೇಕಿತ್ತು.